ಸಿಸಿಲಿ ಸಾಂಡರ್ಸ್

ಡೇಮ್ ಸಿಸಿಲಿ ಮೇರಿ ಸ್ಟ್ರೋಡ್ ಸಾಂಡರ್ಸ್ (ಜೂನ್ ೨೨, ೧೯೧೮ – ಜುಲೈ ೧೪, ೨೦೦೫) ಇಂಗ್ಲೆಂಡಿನ ದಾದಿ, ಸಮಾಜಕಾರ್ಯಕರ್ತೆ, ವೈದ್ಯೆ ಮತ್ತು ಲೇಖಕಿ. ಗುಣವಾಗದ ಕಾಯಿಲೆಗಳಿಂದ ಬಳಲುವವರ ನೋವನ್ನೂ ಸಂಕಟವನ್ನೂ ತಗ್ಗಿಸುವ ಉಪಶಾಮಕ ಆರೈಕೆಯನ್ನು, ಅಂದರೆ ಇಂದು ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವ ಚಿಕಿತ್ಸಾಕ್ರಮವನ್ನು, ವೈದ್ಯವಿಜ್ಞಾನದ ಒಂದು ಶಾಖೆಯಾಗಿ ಬೆಳೆಸಿದವರಲ್ಲಿ ಇವರು ಅಗ್ರಗಣ್ಯರು. ೧೯೬೭ರಲ್ಲಿ ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಇವರು ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆಧುನಿಕ ಹಾಸ್ಪಿಸ್ ಚಳವಳಿಯ ಮೂಲಸ್ಥಾನವೆನಿಸಿದೆ. ಇನ್ನು ಮಾಡಲು ಏನೂ ಉಳಿದಿಲ್ಲವೆಂದು ವೈದ್ಯರು ಕೈಬಿಟ್ಟ ರೋಗಿಗೂ ಮಾಡಬೇಕಾದದ್ದು ಬಹಳವಿದೆ, ಅದೇನೆಂಬುದನ್ನು ಆ ರೋಗಿಯಿಂದಲೇ ಕೇಳಿ ತಿಳಿಯಬೇಕು ಎಂಬುದು ಇವರ ಜೀವಮಾನದ ಕಾರ್ಯದ ತಿರುಳು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸಿಸಿಲಿ ಜನಿಸಿದ್ದು ಹರ್ಟ್‌ಫರ್ಡ್‌ಶೈರಿನ ಬಾರ್ನೆಟ್‌ನಲ್ಲಿ. ತಂದೆ ಗಾರ್ಡನ್ ಸಾಂಡರ್ಸ್ ಮನೆ-ಜಮೀನುಗಳ ವ್ಯವಹಾರದಲ್ಲಿ ಏಳಿಗೆ ಕಂಡವರು, ತಾಯಿ ಕ್ರಿಸ್ಸಿ. ಇಬ್ಬರು ತಮ್ಮಂದಿರಿಗೆ ಇವರು ಅಕ್ಕ. ಮನೆಯಲ್ಲಿ ಅನುಕೂಲವಿತ್ತು, ಸಾಮರಸ್ಯವಿರಲಿಲ್ಲ. ರೋಡೀನ್ ವಸತಿಶಾಲೆಯಲ್ಲಿ ಓದುವಾಗ ಎತ್ತರದ ನಿಲುವಿನ, ಸಂಕೋಚ ಸ್ವಭಾವದ ಈ ಹುಡುಗಿ ಸಹಪಾಠಿಗಳ ನಡುವೆ ಒಂಟಿಯಾಗಿಯೇ ಇದ್ದಳು. ಹೊರಗುಳಿದವರ ಬಗೆಗಿನ ಕಾಳಜಿ ತಮ್ಮಲ್ಲಿ ಮೂಡಿದ್ದು ಆ ದಿನಗಳಲ್ಲಿಯೇ ಎಂದು ಮುಂದೆ ಸಾಂಡರ್ಸ್ ನೆನೆದುಕೊಂಡದ್ದುಂಟು. ಬೆನ್ನುಮೂಳೆಯ ಸಣ್ಣ ಡೊಂಕೊಂದು ಬಾಲ್ಯದಿಂದಲೇ ಜೊತೆಗಿತ್ತು.

೧೯೩೮ರಲ್ಲಿ ರಾಜ್ಯಶಾಸ್ತ್ರ, ತತ್ತ್ವಶಾಸ್ತ್ರ ಮತ್ತು ಅರ್ಥಶಾಸ್ತ್ರ ಓದಲು ಆಕ್ಸ್‌ಫರ್ಡ್ ಸೇರಿದರು. ಮರುವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುದ್ಧಕಾಲದಲ್ಲಿ ಪುಸ್ತಕ ಹಿಡಿದು ಕೂರುವುದು ಸರಿಕಾಣದೆ ೧೯೪೦ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ದಾದಿಯ ತರಬೇತಿಗೆ ಸೇರಿದರು. ಆ ಕೆಲಸ ಅವರಿಗೆ ಹಿಡಿಸಿತು. ಆದರೆ ರೋಗಿಗಳನ್ನು ಎತ್ತಿ ಮಲಗಿಸುವ ಶ್ರಮಕ್ಕೆ ಬೆನ್ನು ಒಗ್ಗಲಿಲ್ಲ. ೧೯೪೪ರಲ್ಲಿ ದಾದಿಯ ವೃತ್ತಿಯನ್ನು ಬಿಡಬೇಕಾಯಿತು. ಆಕ್ಸ್‌ಫರ್ಡಿಗೆ ಮರಳಿ ೧೯೪೫ರಲ್ಲಿ ಪದವಿ ಪೂರೈಸಿದರು. ತಂದೆತಾಯಿ ಬೇರೆಯಾದದ್ದೂ, ಅದುವರೆಗೆ ದೇವರ ವಿಷಯದಲ್ಲಿ ಉದಾಸೀನರಾಗಿದ್ದ ಸಿಸಿಲಿ ಕ್ರೈಸ್ತ ಶ್ರದ್ಧೆಗೆ ಒಲಿದದ್ದೂ ಅದೇ ವರ್ಷ. ಬಳಿಕ ಅವರು ಆಲ್ಮನರ್ ಆದರು. ರೋಗಿಯ ಮನೆಯ ಸ್ಥಿತಿಗತಿ ವಿಚಾರಿಸುವುದು, ಖರ್ಚಿನ ಹಾದಿ ಹುಡುಕುವುದು, ಆಸ್ಪತ್ರೆಯಿಂದ ಹೊರಟವನು ಎಲ್ಲಿಗೆ ಹೋಗುತ್ತಾನೆಂದು ನೋಡುವುದು ಆಲ್ಮನರಳ ಕೆಲಸ. ಇಂದಿನ ಆಸ್ಪತ್ರೆಗಳ ವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಇದು ಪೂರ್ವರೂಪ.

ಡೇವಿಡ್ ಟಾಸ್ಮಾ

೧೯೪೭ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಟಾಸ್ಮಾ ಎಂಬ ರೋಗಿಯ ಪರಿಚಯ ಸಾಂಡರ್ಸ್ ಅವರಿಗಾಯಿತು. ಆತ ಪೋಲೆಂಡಿನ ಯಹೂದಿ; ವಾರ್ಸಾದಿಂದ ಬಂದು ಲಂಡನ್ನಿನಲ್ಲಿ ಮಾಣಿಯಾಗಿ ದುಡಿಯುತ್ತಿದ್ದ ನಿರಾಶ್ರಿತ. ಗುಣವಾಗದ ಕ್ಯಾನ್ಸರು, ನೋಡಿಕೊಳ್ಳಲು ಬಂಧುಗಳಿಲ್ಲ. ಆತ ಬೇರೊಂದು ಆಸ್ಪತ್ರೆಯಲ್ಲಿ ಕೊನೆಯ ಹಾಸಿಗೆ ಹಿಡಿದಾಗ ಸುಮಾರು ಎರಡು ತಿಂಗಳ ಕಾಲ ಸಾಂಡರ್ಸ್ ಪದೇ ಪದೇ ಹೋಗಿ ಅವನ ಬಳಿ ಕುಳಿತರು. ಗದ್ದಲದ ದೊಡ್ಡ ವಾರ್ಡಿನಲ್ಲಿ, ತಾನು ಬದುಕಿದ್ದಕ್ಕೆ ಏನು ಗುರುತು ಉಳಿಯಿತೆಂಬ ಕೊರಗಿನಲ್ಲಿದ್ದ ಆ ಮನುಷ್ಯನಿಗೆ ಯಾವ ಬಗೆಯ ಮನೆ ಬೇಕಿತ್ತು ಎಂಬುದನ್ನು ಇಬ್ಬರೂ ಮಾತನಾಡಿಕೊಂಡರು. ೧೯೪೮ರ ಫೆಬ್ರವರಿಯಲ್ಲಿ ಟಾಸ್ಮಾ ತೀರಿಕೊಂಡಾಗ ತನ್ನ ಉಳಿತಾಯದ ೫೦೦ ಪೌಂಡುಗಳನ್ನು ಸಾಂಡರ್ಸ್ ಅವರಿಗೆ ಬಿಟ್ಟುಹೋಗಿದ್ದ. ಅವರು ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗಿ ಇರಬೇಕೆಂಬುದು ಅವನ ಆಸೆ. ಆ ಕಿಟಕಿಯ ಸುತ್ತ ಕಟ್ಟಡವೊಂದು ಏಳಲು ಹತ್ತೊಂಬತ್ತು ವರ್ಷಗಳು ಹಿಡಿದವು.

ಇದಾದ ಮೇಲೆ ಸಾಂಡರ್ಸ್ ಬೇಸ್‌ವಾಟರ್‌ನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಸಂಜೆ ಹೊತ್ತು ಸ್ವಯಂಸೇವಕಿಯಾಗಿ ದುಡಿದರು. ಮರಣಾಸನ್ನರಿಗಾಗಿಯೇ ಇದ್ದ ಆ ಆಸ್ಪತ್ರೆಯಲ್ಲಿ, ನೋವು ಮರುಕಳಿಸುವ ಮೊದಲೇ ನಿಗದಿತ ವೇಳೆಗೆ ಮಾರ್ಫಿನ್ ಕುಡಿಸುವ ರೂಢಿಯಿತ್ತು. ಉಳಿದ ಆಸ್ಪತ್ರೆಗಳಲ್ಲಿ ರೋಗಿ ಕೂಗಿಕೊಂಡ ಮೇಲೆ ಮದ್ದು ಕೊಡುವುದೇ ಕ್ರಮ. ಚಟವಾದೀತೆಂಬ ಹೆದರಿಕೆಯಿಂದ ಅದನ್ನೂ ಅಳೆದು ಸುರಿದು ಕೊಡುತ್ತಿದ್ದರು. ಈ ಅಂತರವನ್ನು ಕಂಡ ಸಾಂಡರ್ಸ್ ದಾದಿಯಾಗಿ ಮತ್ತೆ ಸೇವೆಗೆ ಸೇರಲು ಬಯಸಿದಾಗ, ಅವರು ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದರೋ ಆ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಬೇರೆ ದಾರಿ ತೋರಿಸಿದರು. ಸಾಯುವವರನ್ನು ತೊರೆಯುವವರು ವೈದ್ಯರೇ ಆದ್ದರಿಂದ ವೈದ್ಯರ ಮಾತನ್ನಷ್ಟೇ ಅವರು ಕೇಳುತ್ತಾರೆ, ವೈದ್ಯಶಾಸ್ತ್ರ ಓದುವುದೇ ಸರಿ ಎಂಬುದು ಅವರ ಸಲಹೆಯಾಗಿತ್ತು. ೧೯೫೧ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಸಾಂಡರ್ಸ್ ವೈದ್ಯಕೀಯ ವಿದ್ಯಾರ್ಥಿನಿಯಾದರು. ೧೯೫೭ರಲ್ಲಿ ವೈದ್ಯೆಯಾಗಿ ಹೊರಬಂದರು.

ಸೇಂಟ್ ಜೋಸೆಫ್ಸ್ ಮತ್ತು ಸಮಗ್ರ ನೋವಿನ ಕಲ್ಪನೆ

೧೯೫೮ರಿಂದ ಏಳು ವರ್ಷ ಲಂಡನ್ನಿನ ಹ್ಯಾಕ್ನಿಯಲ್ಲಿರುವ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನಲ್ಲಿ ಸಂಶೋಧನೆ ನಡೆಸಿದರು. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆ ಸಂಸ್ಥೆಯಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ಆದರೆ ವೈದ್ಯಕೀಯ ದಾಖಲೆಗಳು ಇರಲಿಲ್ಲವೆಂದೇ ಹೇಳಬೇಕು. ಸಾಂಡರ್ಸ್ ಪ್ರತಿ ರೋಗಿಗೂ ಒಂದೊಂದು ದಾಖಲೆಯನ್ನು ಆರಂಭಿಸಿದರು. ನೋವು ಎಲ್ಲಿ, ಎಂಥದು, ಯಾವಾಗ ಹೆಚ್ಚುತ್ತದೆ, ನಿದ್ದೆ ಬಂತೇ, ವಾಂತಿಯಾಯಿತೇ, ಏನು ಚಿಂತೆ ಎಂಬುದನ್ನೆಲ್ಲ ಬರೆದಿಟ್ಟರು. ಹಲವರ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಧ್ವನಿಮುದ್ರಿಸಿಕೊಂಡರು. ಹೀಗೆ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಸಂಗ್ರಹವಾಯಿತು. ಸರಿಯಾದ ಪ್ರಮಾಣದಲ್ಲಿ, ನಿಯಮಿತ ವೇಳೆಗೆ ಮಾರ್ಫಿನ್ ಪಡೆದವರು ಮಂಕಾಗುವುದಿಲ್ಲ, ದಿನದಿನಕ್ಕೆ ಹೆಚ್ಚಿನ ಮದ್ದಿಗೆ ಹಪಹಪಿಸುವುದೂ ಇಲ್ಲ, ಬದಲಿಗೆ ಎದ್ದು ಕೂತು ಮನೆಯವರೊಡನೆ ಮಾತನಾಡುತ್ತಾರೆ ಎಂಬುದು ಈ ದಾಖಲೆಗಳಿಂದ ಸ್ಪಷ್ಟವಾಯಿತು. ವೈದ್ಯಲೋಕ ಇದನ್ನು ಕೂಡಲೇ ಒಪ್ಪಲಿಲ್ಲ.

ಅವರ ಕಾರ್ಯದಲ್ಲಿ ಅತಿ ಮುಖ್ಯವಾದ ಹೊಳಹು ಬಂದದ್ದೂ ಇಲ್ಲಿಯೇ. ನೋವು ಎಲ್ಲಿದೆಯೆಂದು ಕೇಳಿದಾಗ ಒಬ್ಬ ಹೆಂಗಸು ಬೆನ್ನಿನಿಂದ ಆರಂಭಿಸಿ, ತನ್ನನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಕೂರಬೇಕಾದ ಗಂಡ-ಮಗನ ಸಂಬಳದವರೆಗೆ, ಅಲ್ಲಿಂದ ಯಾರಿಗೂ ತನ್ನ ಕಷ್ಟ ಅರ್ಥವಾಗದೆಂಬ ಭಾವದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಬೆನ್ನುನೋವು ಯಾವುದು, ಮನೆಯ ಚಿಂತೆ ಯಾವುದು ಎಂದು ಅವಳ ಮಾತಿನಲ್ಲಿ ಬಿಡಿಸಲು ಬರುವಂತಿರಲಿಲ್ಲ. ಇಂಥ ಅನೇಕ ಮಾತುಕತೆಗಳಿಂದ ಸಾಂಡರ್ಸ್ ೧೯೬೦ರ ದಶಕದ ಮೊದಲ ಭಾಗದಲ್ಲಿ ಸಮಗ್ರ ನೋವು ಎಂಬ ಕಲ್ಪನೆಯನ್ನು ಮಂಡಿಸಿದರು. ದೇಹದ ನೋವು, ಮನಸ್ಸಿನ ನೋವು, ಸಂಸಾರ ಮತ್ತು ಹಣಕಾಸಿನ ನೋವು, ಬದುಕಿನ ಅರ್ಥವನ್ನು ಕುರಿತ ಆಧ್ಯಾತ್ಮಿಕ ನೋವು ಇವು ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದಕ್ಕೆ ಮಾತ್ರ ಮದ್ದು ಮಾಡಿದರೆ ಉಳಿದವು ಅದನ್ನು ಮತ್ತೆ ಕೆದಕುತ್ತವೆ. ದಾದಿ, ಆಲ್ಮನರ್, ವೈದ್ಯೆ ಎಂಬ ಮೂರು ವೃತ್ತಿಗಳನ್ನೂ ಒಬ್ಬರೇ ನಡೆಸಿರದಿದ್ದರೆ ಈ ಕಲ್ಪನೆ ಇಷ್ಟು ಸಲೀಸಾಗಿ ಹೊಳೆಯುತ್ತಿತ್ತೇ ಎಂಬುದು ಅನುಮಾನ.

ಸೇಂಟ್ ಕ್ರಿಸ್ಟೋಫರ್ಸ್

ದಾನಿಗಳಿಗೆ ಪತ್ರ ಬರೆದು, ಉಪನ್ಯಾಸ ಮಾಡಿ, ೧೯೬೩ರಲ್ಲಿ ಅಮೆರಿಕಕ್ಕೂ ಹೋಗಿಬಂದು ಸಾಂಡರ್ಸ್ ಹಣ ಮತ್ತು ಬೆಂಬಲ ಕೂಡಿಸಿದರು. ೧೯೬೭ರ ಜುಲೈನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಅಧಿಕೃತವಾಗಿ ತೆರೆಯಿತು. ಒಳರೋಗಿಗಳಿಗೆ ೫೪ ಹಾಸಿಗೆಗಳು, ವೃದ್ಧರಿಗೆ ವಸತಿ, ಸಿಬ್ಬಂದಿಯ ಮಕ್ಕಳಿಗೆ ಶಿಶುವಿಹಾರ, ಜೊತೆಗೆ ಬೋಧನೆ ಮತ್ತು ಸಂಶೋಧನೆಗೆ ಅವಕಾಶ. ಟಾಸ್ಮಾನ ನೆನಪಿನ ಕಿಟಕಿ ಅಲ್ಲಿ ಇಂದಿಗೂ ಇದೆ. ಸಂಸ್ಥೆಯ ಬುಡದಲ್ಲಿ ಕ್ರೈಸ್ತ ಶ್ರದ್ಧೆಯಿದ್ದರೂ ಯಾವ ಧರ್ಮದವರಿಗೂ, ಧರ್ಮವೇ ಬೇಡವೆಂದವರಿಗೂ ಪ್ರವೇಶವಿತ್ತು. ಕ್ಯಾನ್ಸರಿನವರಷ್ಟೇ ಅಲ್ಲದೆ, ಸ್ನಾಯುಗಳ ಶಕ್ತಿ ಕ್ರಮೇಣ ಉಡುಗಿಹೋಗುವ ಮೋಟರ್ ನ್ಯೂರಾನ್ ಕಾಯಿಲೆಯವರನ್ನೂ ಸೇರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ೧೯೬೯ರಲ್ಲಿ ದಾದಿಯರು ರೋಗಿಗಳ ಮನೆಗಳಿಗೇ ಹೋಗಿ ಆರೈಕೆ ಮಾಡುವ ಸೇವೆ ಆರಂಭವಾಯಿತು. ರೋಗಿ ತೀರಿಕೊಂಡ ಮೇಲೆ ಮನೆಮಂದಿಯ ದುಃಖಕ್ಕೆ ಆಸರೆಯಾಗುವ ಏರ್ಪಾಡನ್ನು ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ರೂಪಿಸಿದರು.

೧೯೭೧ರಲ್ಲಿ ಸಂಶೋಧಕರಾಗಿ ಬಂದ ರಾಬರ್ಟ್ ಟ್ವೈಕ್ರಾಸ್, ಬಾಯಿಯ ಮೂಲಕ ಕ್ರಮವಾಗಿ ಕೊಟ್ಟಾಗ ದುಬಾರಿ ವಿವಾದಗಳ ವಸ್ತುವಾಗಿದ್ದ ಹೆರಾಯಿನಿಗೂ ಸಾಧಾರಣ ಮಾರ್ಫಿನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಹೆರಾಯಿನನ್ನು ನಿಷೇಧಿಸಿದ್ದ ದೇಶಗಳಿಗೆ ಇದರಿಂದ ಬಾಗಿಲು ತೆರೆಯಿತು. ೧೯೮೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಕ್ಯಾನ್ಸರ್ ನೋವು ಶಮನದ ಮೂರು ಮೆಟ್ಟಿಲುಗಳ ಏಣಿಗೆ ಈ ಪರಂಪರೆಯೇ ಆಧಾರ. ಸೇಂಟ್ ಕ್ರಿಸ್ಟೋಫರ್ಸ್ ನೋಡಿಹೋದ ಕೆನಡಾದ ಶಸ್ತ್ರವೈದ್ಯ ಬಾಲ್ಫರ್ ಮೌಂಟ್ ಮಾಂಟ್ರಿಯಲ್‌ನ ತಮ್ಮ ಆಸ್ಪತ್ರೆಯಲ್ಲಿ ೧೯೭೫ರಲ್ಲಿ ಅಂಥದೇ ವಿಭಾಗವನ್ನು ತೆರೆದರು. ಫ್ರೆಂಚ್ ಮಾತನಾಡುವ ಆ ನಗರದಲ್ಲಿ ಹಾಸ್ಪಿಸ್ ಎಂಬ ಪದಕ್ಕೆ ಅನಾಥಾಲಯದ ಛಾಯೆಯಿದ್ದುದರಿಂದ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರನ್ನು ಬಳಕೆಗೆ ತಂದವರು ಅವರೇ. ೧೯೮೭ರಲ್ಲಿ ಬ್ರಿಟನ್ ಇದನ್ನು ವೈದ್ಯಕೀಯದ ಪ್ರತ್ಯೇಕ ವಿಶೇಷ ಶಾಖೆಯೆಂದು ಮಾನ್ಯ ಮಾಡಿತು.

ದಯಾಮರಣವನ್ನು ಸಾಂಡರ್ಸ್ ಕೊನೆಯವರೆಗೂ ವಿರೋಧಿಸಿದರು. ಸಾವನ್ನು ಬೇಡುವವರಲ್ಲಿ ಬಹುಮಂದಿ ಬೇಡುತ್ತಿರುವುದು ನೋವಿನಿಂದ ಬಿಡುಗಡೆಯನ್ನು ಎಂಬುದು ಅವರ ವಾದ. ಈ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ.

ವೈಯಕ್ತಿಕ ಜೀವನ ಮತ್ತು ಗೌರವಗಳು

೧೯೮೦ರಲ್ಲಿ, ತಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ, ಪೋಲೆಂಡ್ ಮೂಲದ ಚಿತ್ರಕಾರ ಮರಿಯನ್ ಬೋಹುಷ್-ಶಿಷ್ಕೊ ಅವರನ್ನು ಮದುವೆಯಾದರು. ಪತಿ ಅವರಿಗಿಂತ ಹದಿನೇಳು ವರ್ಷ ಹಿರಿಯರು. ಅವರ ವರ್ಣಚಿತ್ರಗಳು ಹಾಸ್ಪಿಸ್‌ನ ಗೋಡೆಗಳನ್ನು ಅಲಂಕರಿಸಿದವು. ಅವರು ೧೯೯೫ರಲ್ಲಿ ನಿಧನರಾದರು. ಸಾಂಡರ್ಸ್ ಅವರಿಗೆ ಡೇಮ್ ಪದವಿ, ೧೯೮೧ರಲ್ಲಿ ಟೆಂಪಲ್ಟನ್ ಪ್ರಶಸ್ತಿ, ೧೯೮೯ರಲ್ಲಿ ಆರ್ಡರ್ ಆಫ್ ಮೆರಿಟ್ ಸಂದವು. ೨೦೦೧ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಗೆ ಕಾನ್ರಾಡ್ ಹಿಲ್ಟನ್ ಮಾನವೀಯ ಪ್ರಶಸ್ತಿ ಲಭಿಸಿತು. ಸ್ವತಃ ಕ್ಯಾನ್ಸರಿಗೆ ತುತ್ತಾದ ಸಾಂಡರ್ಸ್, ತಾವೇ ಕಟ್ಟಿದ ಆ ಮನೆಯ ಹಾಸಿಗೆಯೊಂದರಲ್ಲಿ ೨೦೦೫ರ ಜುಲೈ ೧೪ರಂದು ಕೊನೆಯುಸಿರೆಳೆದರು.

ಆರೈಕೆ ಬೇಕಾದವರನ್ನು ಗುರುತಿಸುವ ಪ್ರಶ್ನೆ

ಸಾಂಡರ್ಸ್ ಕೆಲಸ ಆರಂಭಿಸಿದಾಗ ರೋಗಿಯನ್ನು ಗುರುತಿಸುವುದು ಒಂದು ಸಮಸ್ಯೆಯೇ ಆಗಿರಲಿಲ್ಲ. ಸಾಯುತ್ತಿರುವ ಕ್ಯಾನ್ಸರ್ ರೋಗಿ ಎದುರಿಗೇ ಇರುತ್ತಿದ್ದ. ಆರೈಕೆ ಹಾಸ್ಪಿಸ್‌ನಿಂದ ಹೊರಗೆ ಹರಡಿದಂತೆ ಇದು ಕಠಿಣ ಪ್ರಶ್ನೆಯಾಯಿತು. ೨೦೦೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪಶಾಮಕ ಆರೈಕೆಯನ್ನು ಹೊಸದಾಗಿ ನಿರೂಪಿಸುವಾಗ ಸಂಕಟವನ್ನು ಬೇಗ ಗುರುತಿಸುವುದನ್ನೂ ಆ ವ್ಯಾಖ್ಯೆಯಲ್ಲಿ ಸೇರಿಸಿತು. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫.೬೮ ಕೋಟಿ ಜನರಿಗೆ ಈ ಆರೈಕೆ ಬೇಕು; ದೊರೆಯುವುದು ಶೇಕಡಾ ೧೪ರಷ್ಟು ಜನರಿಗೆ ಮಾತ್ರ. ಬೇಕಾದವರಲ್ಲಿ ಕ್ಯಾನ್ಸರಿನವರು ಮೂರನೆಯ ಒಂದು ಪಾಲು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯವರು ಅವರಿಗಿಂತ ಹೆಚ್ಚು.

ಕಾಯಿಲೆಯ ನಡೆ ಒಂದೊಂದರಲ್ಲಿ ಒಂದೊಂದು ತೆರ. ಕ್ಯಾನ್ಸರಿನ ರೋಗಿ ಬಹುಕಾಲ ಓಡಾಡಿಕೊಂಡಿದ್ದು ಕೊನೆಯ ಕೆಲವು ತಿಂಗಳಲ್ಲಿ ಒಮ್ಮೆಲೇ ಕುಸಿಯುತ್ತಾನೆ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಸೋಲುತ್ತಿರುವವರದು ಏರಿಳಿತದ ದಾರಿ. ಪ್ರತಿ ಸಲ ಆಸ್ಪತ್ರೆಯಿಂದ ಚೇತರಿಸಿಕೊಂಡು ಬಂದರೂ ಮೊದಲಿನ ಮಟ್ಟಕ್ಕೆ ಏರುವುದಿಲ್ಲ. ಮರೆವಿನ ಕಾಯಿಲೆ ಮತ್ತು ಮುಪ್ಪಿನ ನಿತ್ರಾಣದಲ್ಲಿ ವರ್ಷಗಟ್ಟಲೆಯ ನಿಧಾನ ಇಳುಕಲು. ಮೊದಲನೆಯ ಗುಂಪನ್ನು ಗುರುತಿಸುವುದು ಸುಲಭ, ಉಳಿದೆರಡು ಕಣ್ತಪ್ಪುತ್ತವೆ.

ಇದಕ್ಕಾಗಿ ಹಲವು ಸಾಧನಗಳು ಬಂದಿವೆ. ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ತನಗೆ ಅಚ್ಚರಿಯಾದೀತೇ ಎಂದು ವೈದ್ಯನು ತನ್ನನ್ನೇ ಕೇಳಿಕೊಳ್ಳುವ ಅಚ್ಚರಿಯ ಪ್ರಶ್ನೆ ಅವುಗಳಲ್ಲಿ ಪ್ರಸಿದ್ಧ. ೨೦೧೦ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಸ್ಪಿಕ್ಟ್ ಎಂಬ ಕೈಪಟ್ಟಿ ಇನ್ನಷ್ಟು ಸ್ಪಷ್ಟವಾದ ಕುರುಹುಗಳನ್ನು ಕೊಡುತ್ತದೆ: ಅನಿರೀಕ್ಷಿತವಾಗಿ ಮತ್ತೆ ಮತ್ತೆ ಆಸ್ಪತ್ರೆ ಸೇರುವುದು, ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲೇ ಕಳೆಯುವುದು, ತನ್ನ ಕೆಲಸಗಳಿಗೆ ಇನ್ನೊಬ್ಬರನ್ನು ಅವಲಂಬಿಸುವುದು, ತೂಕ ಇಳಿಯುತ್ತಲೇ ಹೋಗುವುದು, ಚಿಕಿತ್ಸೆಯಾದರೂ ತೊಂದರೆಗಳು ಉಳಿಯುವುದು, ನೋಡಿಕೊಳ್ಳುವವರೇ ಸೋತುಹೋಗುವುದು. ಇವನ್ನು ಗಮನಿಸಲು ಯಂತ್ರಗಳು ಬೇಡ. ಮನೆಯವರೂ ಆರೋಗ್ಯ ಕಾರ್ಯಕರ್ತೆಯರೂ ಕಾಣಬಲ್ಲರು.

ಅಚ್ಚರಿಯ ಪ್ರಶ್ನೆಯ ಮಿತಿಯನ್ನು ಮುಂದಿನ ಅಧ್ಯಯನಗಳು ತೋರಿಸಿವೆ. ಕ್ಯಾನ್ಸರಲ್ಲದ ಕಾಯಿಲೆಗಳಲ್ಲಿ ಅದು ಹಲವು ಸಲ ತಪ್ಪುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಅದು ಸಾವಿನ ದಿನವನ್ನು ಊಹಿಸಲು ಹೊರಡುತ್ತದೆ. ಐದು ವರ್ಷ ಬದುಕಬಲ್ಲ, ಆದರೆ ಇಂದು ರಾತ್ರಿ ನಿದ್ದೆಯಿಲ್ಲದ ರೋಗಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಸಾಂಡರ್ಸ್ ಕೇಳುತ್ತಿದ್ದ ಪ್ರಶ್ನೆ ರೋಗಿಗೇ ನೇರವಾಗಿ, ಆ ಹೊತ್ತಿನ ಸಂಕಟವನ್ನು ಕುರಿತು ಇರುತ್ತಿತ್ತು. ಬೇಗನೆ ಗುರುತಿಸುವುದರ ಪ್ರಯೋಜನಕ್ಕೆ ೨೦೧೦ರ ಒಂದು ಅಮೆರಿಕನ್ ಅಧ್ಯಯನ ಸಾಕ್ಷಿ: ಹರಡಿದ ಶ್ವಾಸಕೋಶದ ಕ್ಯಾನ್ಸರಿನ ೧೫೧ ರೋಗಿಗಳಲ್ಲಿ, ಚಿಕಿತ್ಸೆಯ ಜೊತೆಗೇ ಆರಂಭದಿಂದ ಉಪಶಾಮಕ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು; ಬದುಕಿದ ಅವಧಿಯೂ ಸುಮಾರು ಎರಡೂವರೆ ತಿಂಗಳು ಹೆಚ್ಚಾಗಿತ್ತು. ಉಪಶಾಮಕ ಆರೈಕೆಯೆಂದರೆ ಚಿಕಿತ್ಸೆ ನಿಲ್ಲಿಸುವುದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿರುವುದರಿಂದ ಈ ಅಂಶವನ್ನು ಇಲ್ಲಿ ಕಾಣಿಸಬೇಕಾಯಿತು.

ಭಾರತ ಮತ್ತು ಕರ್ನಾಟಕದಲ್ಲಿ ಪ್ರಭಾವ

ಭಾರತದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಸದನ ೧೯೮೬ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದರ ಹಿಂದಿನ ವರ್ಷವಷ್ಟೇ ಬಂದಿದ್ದ ಮಾದಕ ದ್ರವ್ಯ ನಿಯಂತ್ರಣ ಕಾಯಿದೆಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಯಿತು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಪರದೇಶಗಳಿಗೆ ಕಳುಹಿಸುವ ದೇಶದಲ್ಲಿ ಅದರಿಂದಾಗುವ ಮದ್ದು ರೋಗಿಗೆ ದೊರೆಯದೆ ಹೋದದ್ದು ವಿಪರ್ಯಾಸ. ೨೦೧೪ರ ತಿದ್ದುಪಡಿ ಈ ತೊಡಕನ್ನು ಸಡಿಲಿಸಿತು. ಕೇರಳದ ಕೋಳಿಕ್ಕೋಡಿನಲ್ಲಿ ೧೯೯೩ರಲ್ಲಿ ಮೊದಲಾದ ಸಂಸ್ಥೆ ಬೇರೆಯೇ ದಾರಿ ಹಿಡಿಯಿತು. ಅಲ್ಲಿ ಊರಿನ ಸ್ವಯಂಸೇವಕರೇ ತರಬೇತಿ ಪಡೆದು, ತಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಯಾರೆಂದು ಪತ್ತೆಹಚ್ಚಿ, ದಾದಿ-ವೈದ್ಯರನ್ನು ಮನೆಗೆ ಕರೆತರುತ್ತಾರೆ. ೨೦೦೮ರಲ್ಲಿ ಕೇರಳ ಸರ್ಕಾರ ಇದನ್ನು ನೀತಿಯಾಗಿ ಅಂಗೀಕರಿಸಿತು.

ಬೆಂಗಳೂರಿನಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಹಾಗೂ ಇಂದಿರಾನಗರ ರೋಟರಿ ಸೇರಿ ೧೯೯೪ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ರಚಿಸಿದವು. ಅದರ ಕರುಣಾಶ್ರಯ ೧೯೯೯ರಿಂದ ಮಾರತ್ತಹಳ್ಳಿಯ ಬಳಿ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿಯೂ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿಯೂ ಇದಕ್ಕೆ ವಿಭಾಗಗಳಿವೆ. ೨೦೧೬ರಲ್ಲಿ ರಾಜ್ಯವೂ ತನ್ನ ಉಪಶಾಮಕ ಆರೈಕೆ ನೀತಿಯನ್ನು ರೂಪಿಸಿತು.

ಇವೆಲ್ಲ ದೊಡ್ಡ ಊರುಗಳ ಮಾತು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ರೋಗಿಗಳು ದೊಡ್ಡ ಚಿಕಿತ್ಸೆಗಾಗಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಶಿವಮೊಗ್ಗಗಳ ದಾರಿ ಹಿಡಿಯುತ್ತಾರೆ. ಸಿದ್ದಾಪುರ ತಾಲೂಕಿನ ನಿಲ್ಕುಂದದಂಥ ಊರಿನಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ದೂರ. ಅಲ್ಲಿ ಇನ್ನು ಮನೆಗೆ ಕರೆದೊಯ್ಯಿರಿ ಎಂದು ಹೇಳಿ ಕಳುಹಿಸಿದವನು ತೋಟದ ನಡುವಿನ ಮನೆಯ ಒಳಕೋಣೆ ಸೇರಿದ ಮೇಲೆ ಯಾವ ದಾಖಲೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅಡಕೆ ಮರದಿಂದ ಬಿದ್ದು ಬೆನ್ನುಹುರಿ ಘಾಸಿಗೊಂಡ ಕೊನೆಗೌಡ, ಪಾರ್ಶ್ವವಾಯುವಿನಿಂದ ಮಾತು ನಿಂತ ಅಜ್ಜಿ, ಮೂತ್ರಪಿಂಡದ ಕಾಯಿಲೆಯವರು, ಮರೆವಿನ ವೃದ್ಧರು ತಮಗೆ ಇಂಥದೊಂದು ಆರೈಕೆ ಸಲ್ಲುತ್ತದೆಂದು ಅರಿಯರು. ಮರಣಾಸನ್ನರಿಗೆ ಮಾತ್ರ ಇದು ಎಂಬ ತಿಳಿವಳಿಕೆಯೇ ಅದಕ್ಕೆ ಅರ್ಧ ಕಾರಣ. ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಯುವಕನಿಗೆ ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುವುದನ್ನು, ಮೂತ್ರದ ನಳಿಕೆಯನ್ನು ಶುಚಿಯಾಗಿಡುವುದನ್ನು ಮನೆಯವರಿಗೆ ಕಲಿಸುವುದೂ ಉಪಶಾಮಕ ಆರೈಕೆಯೇ. ಕೇರಳದ ಸ್ವಯಂಸೇವಕರ ಪಟ್ಟಿಗಳಲ್ಲಿ ಇಂಥವರೂ ಇದ್ದಾರೆ.

ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬದಲಾದಾಗ, ಅವು ಒದಗಿಸಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯೊಡನೆ ಉಪಶಾಮಕ ಆರೈಕೆಯನ್ನೂ ಸೇರಿಸಲಾಯಿತು. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯೇ ಇಂಥ ರೋಗಿಗಳನ್ನು ಮೊದಲು ಗುರುತಿಸಿ ಕೇಂದ್ರಕ್ಕೆ ತಿಳಿಸಬೇಕೆಂಬುದು ಅದರ ಕ್ರಮ.